ಕೊಯ್ದ ಕನ್ನಡಿ ಪುನಃ ಅಂಟಿಕೊಳ್ಳುವುದೇಕೆ?

ಶಾಸ್ತ್ರೋತ್ಸವ ಹತ್ತಿರ ಬಂತೆಂದರೆ ಶಾಲೆಗಳಲ್ಲಿ ಪೆರಿಸ್ಕೋಪು, ಕೆಲಿಡೋಸ್ಕೋಪು, ಸಮಮಿತಿಯ ಮಾದರಿಗಳ ತಯಾರಿ ಜೋರಾಗುತ್ತದೆ. ಇವಕ್ಕೆಲ್ಲ ಕನ್ನಡಿ ಬೇಕು. ಗಾಜಿನ ಕನ್ನಡಿ ಕೈ ತಪ್ಪಿ ಬಿದ್ದರೆ ಚೂರು ಚೂರು. ಅದಕ್ಕೇ ಅನೇಕರು ಅಕ್ರಿಲಿಕ್ ಕನ್ನಡಿ ತರುತ್ತಾರೆ. ಗಾಜಿನ ಅರ್ಧದಷ್ಟೂ ಭಾರವಿಲ್ಲ, ಸುಲಭದಲ್ಲಿ ಒಡೆಯುವುದಿಲ್ಲ, ಬೇಕಾದ ಆಕಾರಕ್ಕೆ ಕೊಯ್ಯಲೂ ಆಗುತ್ತದೆ.

ಕೊಯ್ಯಲು ಹೊರಟಾಗಲೇ ತೊಂದರೆ ಶುರು. ಚಿಟ್ಟೆಯ ಚಿತ್ರ ಅಂಟಿಸಿ, ಸ್ಕ್ರೋಲ್ ಸಾ ಯಂತ್ರದಲ್ಲಿ ಗೆರೆಯ ಉದ್ದಕ್ಕೂ ಕೊಯ್ದದ್ದಾಯಿತು. ಬ್ಲೇಡು ದಾಟಿ ಹೋದದ್ದು ಕಣ್ಣಿಗೆ ಕಾಣುತ್ತದೆ. ಆದರೆ ಚಿಟ್ಟೆಯನ್ನು ಎಳೆದರೆ ಬರುವುದೇ ಇಲ್ಲ! "ಮಾಸ್ಟ್ರೇ, ಕೊಯ್ದದ್ದು ಪುನಃ ಅಂಟಿಕೊಂಡಿದೆ!" ಬಲವಂತವಾಗಿ ಬಗ್ಗಿಸಿದರೆ ರೆಕ್ಕೆಯೇ ಮುರಿಯುತ್ತದೆ. ತಂದ ಹಾಳೆ ಒಂದೇ ಆಗಿದ್ದರೆ ಅಲ್ಲಿಗೆ ಕತೆ ಮುಗಿಯಿತು.

ಬ್ಲೇಡು ಮೊಂಡಾಗಿದೆ ಎಂದು ಎಲ್ಲರೂ ಮೊದಲು ಹೇಳುತ್ತಾರೆ. ಹೊಸ ಬ್ಲೇಡು ಹಾಕಿದರೂ ಹೀಗೆಯೇ ಆಗಬಹುದು. ಇಲ್ಲಿನ ನಿಜವಾದ ಶತ್ರು ಉಷ್ಣ.

ಕರಗುವ ಹುಡಿ

ಅಕ್ರಿಲಿಕ್‌ನ ಪೂರ್ಣ ಹೆಸರು ಪಾಲಿಮಿಥೈಲ್ ಮೆಥಾಕ್ರಿಲೇಟ್. ಉದ್ದುದ್ದ ಅಣುಸರಪಳಿಗಳು ಒಂದಕ್ಕೊಂದು ಸುತ್ತಿಕೊಂಡು ಆದ ವಸ್ತು ಇದು. ಬಿಸಿ ಮಾಡಿದರೆ ಮೆತ್ತಗಾಗಿ, ತಣಿದಾಗ ಗಟ್ಟಿಯಾಗುವ ಥರ್ಮೋಪ್ಲಾಸ್ಟಿಕ್‌ಗಳ ಗುಂಪಿಗೆ ಸೇರುತ್ತದೆ. ಸುಮಾರು 105 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಗಾಜಿನಂತಿದ್ದ ಅಕ್ರಿಲಿಕ್ ರಬ್ಬರಿನಂತೆ ಮೆತ್ತಗಾಗತೊಡಗುತ್ತದೆ. ನೀರು ಕುದಿಯುವ ಬಿಸಿಗಿಂತ ಇದು ತುಸುವೇ ಹೆಚ್ಚು.

ಈ ಗುಣ ನಿಜಕ್ಕೂ ವರವೇ. ಜರ್ಮನಿಯ ಓಟೋ ರೋಮ್ ಅವರ ಕಂಪೆನಿ 1933ರಲ್ಲಿ ಈ ವಸ್ತುವಿಗೆ 'ಪ್ಲೆಕ್ಸಿಗ್ಲಾಸ್' ಎಂಬ ಹೆಸರನ್ನು ನೋಂದಾಯಿಸಿತು. ಎರಡನೇ ಮಹಾಯುದ್ಧದಲ್ಲಿ ವಿಮಾನಗಳ ಪಾರದರ್ಶಕ ಮಾಡುಗಳನ್ನು ಅಕ್ರಿಲಿಕ್ ಹಾಳೆಯಿಂದಲೇ ಮಾಡುತ್ತಿದ್ದರು. ಬಿಸಿ ಮಾಡಿ ಬಾಗಿಸಬಹುದು ಎಂಬುದೂ ಅದಕ್ಕೆ ಒಂದು ಕಾರಣ. ನಮ್ಮ ಗರಗಸದ ಕೆಳಗೆ ಮಾತ್ರ ಅದೇ ಗುಣ ತಂಟೆ ಮಾಡುತ್ತದೆ.

ಬ್ಲೇಡಿನ ಹಲ್ಲುಗಳು ಉಜ್ಜುವಾಗ ಘರ್ಷಣೆಯಿಂದ ಬಿಸಿ ಹುಟ್ಟುತ್ತದೆ. ಲೋಹವಾದರೆ ಆ ಬಿಸಿ ಬೇಗನೆ ಸುತ್ತಲೂ ಹರಡುತ್ತಿತ್ತು. ಆದರೆ ಸಾಧಾರಣ ಉಕ್ಕು ಸಾಗಿಸುವ ಉಷ್ಣದ ಇನ್ನೂರರಲ್ಲಿ ಒಂದು ಪಾಲನ್ನೂ ಅಕ್ರಿಲಿಕ್ ಸಾಗಿಸದು. ಬಿಸಿ ಕೊಯ್ದ ಜಾಗದಲ್ಲೇ ನಿಲ್ಲುತ್ತದೆ. ಹುಡಿ ಕರಗಿ ಅಂಟಾಗುತ್ತದೆ, ಬ್ಲೇಡು ಮುಂದೆ ಹೋದ ಮೇಲೆ ಹಿಂದಿನ ಸಂದಿಯಲ್ಲಿ ತಣಿದು ಗಟ್ಟಿಯಾಗುತ್ತದೆ. ಮುಂದೆ ಕೊಯ್ಯುವ ಗರಗಸವೇ ಹಿಂದೆ ಬೆಸುಗೆ ಹಾಕುತ್ತಾ ಹೋಗುತ್ತದೆ!

ಮರವೂ ಉಷ್ಣವನ್ನು ಬೇಗ ಸಾಗಿಸುವುದಿಲ್ಲವಲ್ಲ, ಅದೇಕೆ ಅಂಟುವುದಿಲ್ಲ ಎಂದು ನೀವು ಕೇಳಬಹುದು. ಮರ ಕರಗುವುದಿಲ್ಲ, ಹೆಚ್ಚೆಂದರೆ ಕರಟುತ್ತದೆ. ಅದರ ಹುಡಿ ಹುಡಿಯಾಗಿಯೇ ಉದುರುತ್ತದೆ.

ಒಂದು ಲೆಕ್ಕ ಮಾಡೋಣ

ಸ್ಕ್ರೋಲ್ ಸಾದಲ್ಲಿ ತೆಳುವಾದ ಬ್ಲೇಡು ಹೊಲಿಗೆ ಯಂತ್ರದ ಸೂಜಿಯಂತೆ ಮೇಲೆ ಕೆಳಗೆ ಓಡಾಡುತ್ತದೆ. ಒಂದು ಸಲ ಇಳಿಯುವ ದೂರ 19 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಇಳಿದು ಹತ್ತಿದರೆ 38 ಮಿಲಿಮೀಟರ್. ನಿಮಿಷಕ್ಕೆ 1600 ಸಲ ಓಡಿಸಿದರೆ ಬ್ಲೇಡು ಸುಮಾರು 61 ಮೀಟರ್ ಉಜ್ಜುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 1 ಮೀಟರ್. ವೇಗವನ್ನು 500ಕ್ಕೆ ಇಳಿಸಿದರೆ ನಿಮಿಷಕ್ಕೆ 19 ಮೀಟರ್, ಸೆಕೆಂಡಿಗೆ ಸುಮಾರು 0.3 ಮೀಟರ್.

ಘರ್ಷಣೆಯ ಬಲ 10 ನ್ಯೂಟನ್ ಎಂದು ಊಹಿಸೋಣ. ಬಲವನ್ನು ವೇಗದಿಂದ ಗುಣಿಸಿದರೆ ಪ್ರತಿ ಸೆಕೆಂಡಿಗೆ ಹುಟ್ಟುವ ಉಷ್ಣ ಸಿಗುತ್ತದೆ. ಮೊದಲನೆಯದರಲ್ಲಿ 10 ಜೂಲ್, ಎರಡನೆಯದರಲ್ಲಿ ಸುಮಾರು 3 ಜೂಲ್. ವೇಗ ತಗ್ಗಿಸಿದ ಮಾತ್ರಕ್ಕೆ ಮೂರರಲ್ಲಿ ಎರಡು ಪಾಲು ಬಿಸಿ ಕಡಿಮೆಯಾಯಿತು!

ಇನ್ನೊಂದು ಸಂಗತಿ. ಬ್ಲೇಡು ಐದು ಇಂಚು ಉದ್ದವಿದ್ದರೂ ಹಾಳೆಗೆ ತಾಗುವುದು ನಡುವಿನ ಎರಡು ಸೆಂಟಿಮೀಟರಿನಷ್ಟು ಭಾಗ ಮಾತ್ರ. ಆ ಭಾಗಕ್ಕೆ ತಣಿಯಲು ಪುರುಸೊತ್ತೇ ಇಲ್ಲ. ಆದ್ದರಿಂದ ಸ್ವಲ್ಪ ಕೊಯ್ದು, ಯಂತ್ರ ನಿಲ್ಲಿಸಿ, ಬ್ಲೇಡು ತಣಿದ ಮೇಲೆ ಮುಂದುವರಿಸುವುದು ಒಳ್ಳೆಯದು.

ಹಲ್ಲು ದೊಡ್ಡದಿರಲಿ

ನುಣುಪಾಗಿ ಕೊಯ್ಯಲು ಸಣ್ಣ ಹಲ್ಲಿನ ಬ್ಲೇಡೇ ಬೇಕು ಎಂದು ತೋರುತ್ತದೆ. ಅಕ್ರಿಲಿಕ್‌ಗೆ ಇದು ಸರಿಹೊಂದದು. ಸಣ್ಣ ಹಲ್ಲುಗಳ ನಡುವಿನ ಸಂದು ಬೇಗ ತುಂಬಿ, ಹುಡಿ ಹೊರಬರಲಾಗದೆ ಅಲ್ಲೇ ಕರಗುತ್ತದೆ. ಇಂಚಿಗೆ 10ರಿಂದ 14 ಹಲ್ಲುಗಳಿರುವ, ಒಂದು ಹಲ್ಲು ಬಿಟ್ಟು ಒಂದು ಇರುವಂಥ ಬ್ಲೇಡು ಉತ್ತಮ. ದೊಡ್ಡ ಹಲ್ಲು ದೊಡ್ಡ ಚೂರು ತೆಗೆಯುತ್ತದೆ, ಆ ಚೂರು ಹೊರಗೆ ಬೀಳುವಾಗ ತನ್ನ ಜೊತೆ ಬಿಸಿಯನ್ನೂ ಒಯ್ಯುತ್ತದೆ.

ಹಾಳೆಯನ್ನು ತಳ್ಳುವ ಹದವೂ ಮುಖ್ಯ. ಜೋರಾಗಿ ತಳ್ಳಿದರೆ ಬ್ಲೇಡು ಬಾಗಿ ಗೆರೆ ತಪ್ಪುತ್ತದೆ. ತಳ್ಳದೆ ಸುಮ್ಮನೆ ನಿಂತರೆ ಬ್ಲೇಡು ಒಂದೇ ಕಡೆ ಉಜ್ಜಿ ಕರಗಿಸುತ್ತದೆ. ಉದುರುವುದನ್ನು ಗಮನಿಸಿ: ಬಿಡಿಬಿಡಿ ಹರಳಿನಂತಿದ್ದರೆ ಕೆಲಸ ಸರಿಯಾಗಿದೆ, ನೂಲಿನಂತೆ ಅಂಟಂಟಾಗಿದ್ದರೆ ಬಿಸಿ ಹೆಚ್ಚಾಗಿದೆ.

ಹಾಳೆಯ ಮುಂಭಾಗದ ರಕ್ಷಣಾ ಪೊರೆಯನ್ನು ಕೆಲಸ ಮುಗಿಯುವ ತನಕ ತೆಗೆಯಬೇಡಿ. ಕೊಯ್ಯುವ ಗೆರೆಯ ಉದ್ದಕ್ಕೂ ಆ ಪೊರೆಯ ಮೇಲೆ ಪಾರ್ಸೆಲ್‌ಗೆ ಹಚ್ಚುವ ಅಗಲದ ಟೇಪನ್ನು ಅಂಟಿಸುವ ರೂಢಿಯಿದೆ. ಟೇಪಿನ ಜಾರು ಮೈ ಬ್ಲೇಡಿನ ಉಜ್ಜುವಿಕೆಯನ್ನು ತಗ್ಗಿಸುತ್ತದೆ.

ಯಾವ ಬದಿ ಮೇಲೆ?

ಅಕ್ರಿಲಿಕ್ ಕನ್ನಡಿಯಲ್ಲಿ ಪ್ರತಿಫಲನ ಮಾಡುವುದು ಪ್ಲಾಸ್ಟಿಕ್ ಅಲ್ಲ. ಅದರ ಬೆನ್ನಿಗೆ ನಿರ್ವಾತದಲ್ಲಿ ಅಲ್ಯೂಮಿನಿಯಂ ಆವಿಯನ್ನು ಕೂರಿಸಿರುತ್ತಾರೆ. ಈ ಪದರದ ದಪ್ಪ ನಮ್ಮ ತಲೆಕೂದಲಿನ ದಪ್ಪದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಅದನ್ನು ಕಾಪಾಡಲು ಹಿಂದೆ ಬಣ್ಣ ಬಳಿದಿರುತ್ತಾರೆ. ಆ ಬಣ್ಣ ಕಿತ್ತರೆ ಕನ್ನಡಿಯೂ ಹೋಯಿತು.

ಪದರ ಹಿಂದಿದೆ ಎಂಬುದನ್ನು ನೋಡಬೇಕೆ? ಪೊರೆ ತೆಗೆದ ಚೂರೊಂದರ ಮುಂಭಾಗಕ್ಕೆ ಪೆನ್ಸಿಲ್ ಮೊನೆ ತಾಗಿಸಿ. ಮೊನೆಗೂ ಅದರ ಬಿಂಬಕ್ಕೂ ನಡುವೆ ಅಂತರ ಕಾಣುತ್ತದೆ. ಹಾಳೆ 3 ಮಿಲಿಮೀಟರ್ ದಪ್ಪವಿದ್ದರೆ, ವಕ್ರೀಭವನಾಂಕ 1.49 ಆದ್ದರಿಂದ, ಆ ಅಂತರ ಸುಮಾರು 4 ಮಿಲಿಮೀಟರ್. ಕೇರಳದ ಪ್ರಸಿದ್ಧ ಆರನ್ಮುಳ ಕನ್ನಡಿಯಲ್ಲಿ ಈ ಅಂತರ ಇರುವುದಿಲ್ಲ. ಅದು ತಾಮ್ರ ಮತ್ತು ತವರದ ಮಿಶ್ರಲೋಹ, ಹೊಳೆಯುವುದು ಮೇಲ್ಮೈಯೇ.

ಸ್ಕ್ರೋಲ್ ಸಾ ಬ್ಲೇಡಿನ ಹಲ್ಲುಗಳು ಕೆಳಮುಖವಾಗಿರುತ್ತವೆ. ಹಲ್ಲು ಹೊರಬರುವ ಕೆಳಬದಿಯಲ್ಲಿ ಚಕ್ಕೆ ಏಳುವುದು ಹೆಚ್ಚು. ಆದ್ದರಿಂದ ಬಣ್ಣದ ಬೆನ್ನನ್ನು ಮೇಲಿಟ್ಟರೆ ಹಲ್ಲುಗಳು ಪದರವನ್ನು ಕಿತ್ತೆಸೆಯುವ ಬದಲು ಒಳಕ್ಕೆ ಒತ್ತುತ್ತವೆ. ಬೆನ್ನಿಗೆ ಬಲವಾಗಿ ಹಿಡಿಯುವ ಟೇಪು ಹಚ್ಚಬೇಡಿ, ಸುಲಭದಲ್ಲಿ ಏಳುವ ಕಾಗದದ ಟೇಪು ಸಾಕು. ಕೆಳಗೆ ತೆಳು ಪ್ಲೈವುಡ್ಡು ಅಥವಾ ದಪ್ಪ ರಟ್ಟು ಇಟ್ಟು ಎರಡನ್ನೂ ಒಟ್ಟಿಗೆ ಕೊಯ್ದರೆ ಕೆಳಬದಿಗೂ ಆಧಾರ ಸಿಗುತ್ತದೆ.

ಆದರೆ ಎಚ್ಚರ! ಬೆನ್ನಿನ ಮೇಲೆ ಚಿತ್ರ ಅಂಟಿಸಿದರೆ ಮುಂದಿನಿಂದ ನೋಡುವಾಗ ಎಡ ಬಲ ಅದಲು ಬದಲಾಗುತ್ತದೆ. ಚಿಟ್ಟೆಗೆ ತೊಂದರೆಯಿಲ್ಲ, ಅದು ಸಮಮಿತಿಯುಳ್ಳದ್ದು. 'ಕ' ಅಥವಾ 'ನ' ಕೊಯ್ಯುವುದಾದರೆ ಅಕ್ಷರವನ್ನು ತಿರುಗುಮುರುಗಾಗಿಯೇ ಅಂಟಿಸಬೇಕು.

ಚಿತ್ರದ ಒಳಗೆ ಕಿಂಡಿ ತೆಗೆಯುವುದಿದ್ದರೆ ಚೂಪು ಮೂಲೆಗಳಲ್ಲಿ ಮೊದಲು ಸಣ್ಣ ದುಂಡು ತೂತು ಕೊರೆಯಿರಿ. ಚೂಪು ಮೂಲೆಯಲ್ಲಿ ಒತ್ತಡ ಒಂದೇ ಬಿಂದುವಿನಲ್ಲಿ ಸೇರಿ ಬಿರುಕು ಹುಟ್ಟುತ್ತದೆ, ದುಂಡಗಿದ್ದರೆ ಅದು ಹಂಚಿಹೋಗುತ್ತದೆ.

ಯಂತ್ರ ಇಲ್ಲದಿದ್ದರೆ?

ಕೈಯಿಂದ ನಡೆಸುವ ಫ್ರೆಟ್ ಸಾ ಸಾಕು. ಕೈಯ ವೇಗ ಕಡಿಮೆ, ಆದ್ದರಿಂದ ಕರಗುವ ಭಯವೂ ಕಡಿಮೆ. ಪೆರಿಸ್ಕೋಪು, ಕೆಲಿಡೋಸ್ಕೋಪಿನ ನೇರ ಪಟ್ಟಿಗಳಿಗಂತೂ ಗರಗಸವೇ ಬೇಡ. ಕನ್ನಡಿಯ ಮುಂಭಾಗದಲ್ಲಿ ಸ್ಕೇಲು ಒತ್ತಿ ಹಿಡಿದು, ಅಕ್ರಿಲಿಕ್ ಕಟ್ಟರಿನಿಂದ ಒಂದೇ ಗೆರೆಯನ್ನು ಹಲವು ಸಲ ಗೀರಿ, ಮೇಜಿನ ಅಂಚಿಗೆ ಗೆರೆ ಬರುವಂತೆ ಇಟ್ಟು ಒತ್ತಿದರೆ ನೇರವಾಗಿ ಮುರಿಯುತ್ತದೆ.

ಯಂತ್ರವನ್ನು ಅಧ್ಯಾಪಕರು ಜೊತೆಗಿದ್ದಾಗ ಮಾತ್ರ ಮುಟ್ಟಿ. ಕಣ್ಣಿಗೆ ರಕ್ಷಣಾ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಶಾಲು, ಬಳೆ, ಬಿಚ್ಚುಗೂದಲು ಬೇಡ. ಬ್ಲೇಡು ಮೇಲೇಳುವಾಗ ಹಾಳೆಯನ್ನೂ ಎತ್ತುತ್ತದೆ, ಅದಕ್ಕೆ ಹಾಳೆಯನ್ನು ಮೇಜಿಗೆ ಒತ್ತಿ ಹಿಡಿಯಿರಿ, ಬೆರಳು ಬ್ಲೇಡಿನ ಎದುರಿಗೆ ಬರದಿರಲಿ. ಕಿಟಕಿ ತೆರೆದಿರಲಿ. ಉಳಿದ ಚೂರುಗಳನ್ನು ಸುಡಬೇಡಿ, ಅಕ್ರಿಲಿಕ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಒರೆಸಲು ಥಿನ್ನರ್, ಪೆಟ್ರೋಲ್ ಬೇಡ. ಸಾಬೂನು ನೀರು, ಮೆತ್ತನೆಯ ಹತ್ತಿಬಟ್ಟೆ ಸಾಕು.

ಮಾಡಿ ನೋಡಿ

ಒಳ್ಳೆಯ ಹಾಳೆಗೆ ಕೈ ಹಾಕುವ ಮೊದಲು ಒಂದೇ ದಪ್ಪದ ನಾಲ್ಕು ಚೂರುಗಳನ್ನು ಆಯ್ದುಕೊಳ್ಳಿ. ಪ್ರತಿಯೊಂದರಲ್ಲೂ 5 ಸೆಂಟಿಮೀಟರ್ ಉದ್ದ ಕೊಯ್ಯಬೇಕು. ಮೊದಲನೆಯದನ್ನು ಹೆಚ್ಚು ವೇಗದಲ್ಲಿ, ಎರಡನೆಯದನ್ನು ಕಡಿಮೆ ವೇಗದಲ್ಲಿ ಕೊಯ್ಯಿರಿ. ಮೂರನೆಯದನ್ನು ಕಡಿಮೆ ವೇಗದಲ್ಲಿ ಟೇಪು ಹಚ್ಚಿ ಕೊಯ್ಯಿರಿ. ಈ ಮೂರರಲ್ಲೂ ಬಣ್ಣದ ಬದಿ ಮೇಲಿರಲಿ. ನಾಲ್ಕನೆಯದನ್ನು ಎರಡನೆಯದರಂತೆಯೇ, ಆದರೆ ಬಣ್ಣದ ಬದಿ ಕೆಳಗಿಟ್ಟು ಕೊಯ್ಯಿರಿ. ಸಂದಿ ಅಂಟಿತೇ, ಹುಡಿ ಹೇಗಿತ್ತು, ಬಣ್ಣ ಎಷ್ಟು ಎದ್ದಿತು ಎಂದು ಪಟ್ಟಿ ಮಾಡಿ. ಎರಡು ಚೂರುಗಳನ್ನು ಹೋಲಿಸುವಾಗ ಅವುಗಳ ನಡುವೆ ಒಂದು ಸಂಗತಿ ಮಾತ್ರ ಬೇರೆಯಾಗಿರಲಿ. ಆ ಪಟ್ಟಿಯನ್ನು ನಿಮ್ಮ ಮಾದರಿಯ ಪಕ್ಕದಲ್ಲೇ ಇಡಿ. "ಅಂಚು ಇಷ್ಟು ಚಂದ ಹೇಗೆ ಬಂತು?" ಎಂದು ತೀರ್ಪುಗಾರರು ಕೇಳಿದರೆ ಉತ್ತರ ಅಲ್ಲೇ ಇರುತ್ತದೆ.