ಸಸಿ ನೆಟ್ಟರಷ್ಟೇ ಸಾಲದು

ರಾಮನಗರದ ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಮಳೆಗಾಲದ ಭಾನುವಾರಗಳಂದು ಇತರ ಸ್ವಯಂಸೇವಕರೊಡನೆ ಅಲ್ಲಿ ಲಂಟಾನ ಕಿತ್ತು, ಸಸಿ ನೆಡುವ ನನ್ನನ್ನು ಹಲವರು ಕೇಳುವುದುಂಟು: ‘ಮರ ಬೆಳೆದರೆ ಹದ್ದುಗಳು ಹೆಚ್ಚುತ್ತವೆಯೇ?’

ಉತ್ತರ ಅಷ್ಟು ಸರಳವಲ್ಲ. ಇಲ್ಲಿನ ಉದ್ದಕೊಕ್ಕಿನ ರಣಹದ್ದು ಸಾಮಾನ್ಯವಾಗಿ ಗೂಡು ಕಟ್ಟುವುದು ಮರದಲ್ಲಲ್ಲ, ಕಡಿದಾದ ಬಂಡೆಯ ಚಾಚಿನಲ್ಲಿ. ಇಡುವುದು ವರ್ಷಕ್ಕೊಂದೇ ಮೊಟ್ಟೆ. ಒಂದು ಸಾವಿನ ನಷ್ಟ ತುಂಬಲು ವರ್ಷಗಳೇ ಬೇಕು. ದೇಶದಾದ್ಯಂತ ಈ ಸಂತತಿ ಕುಸಿಯಲು ಮುಖ್ಯ ಕಾರಣ, ದನಗಳಿಗೆ ಕೊಡುತ್ತಿದ್ದ ನೋವುನಿವಾರಕ ಡೈಕ್ಲೋಫೆನಾಕ್. ಆ ದನ ಸತ್ತಾಗ ಮಾಂಸ ತಿಂದ ಹದ್ದಿನ ಮೂತ್ರಪಿಂಡ ವಿಫಲವಾಗುತ್ತದೆ. ಪಶುಚಿಕಿತ್ಸೆಯಲ್ಲಿ ಅದನ್ನು 2006ರಲ್ಲಿ, ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್‌ಗಳನ್ನು 2023ರಲ್ಲಿ ನಿಷೇಧಿಸಲಾಯಿತು.

ಧಾಮದ ಗಡಿ ಹದ್ದಿಗೆ ತಿಳಿಯದು. ಆಹಾರ ಅರಸಿ ಅದು ಹತ್ತಾರು ಕಿಲೋಮೀಟರ್ ಹಾರಬಲ್ಲದು. ಆದುದರಿಂದ ಚನ್ನಪಟ್ಟಣ, ಕನಕಪುರ, ಮಾಗಡಿಯ ಕೊಟ್ಟಿಗೆಗಳೂ ನಮ್ಮ ಕಾರ್ಯಕ್ಷೇತ್ರವಾಗಬೇಕು. ಹದ್ದಿಗೆ ಸುರಕ್ಷಿತವಾದ ಮೆಲಾಕ್ಸಿಕ್ಯಾಮನ್ನೇ ಕೇಳಿ ಪಡೆಯುವಂತೆ ರೈತರ ಮನವೊಲಿಸಬೇಕು. ಗೂಡು ಕಟ್ಟುವ ಚಳಿಗಾಲದಲ್ಲಿ ಬಂಡೆಗಳ ಬಳಿ ಗದ್ದಲವಾಗದಂತೆ ಕಾಯಬೇಕು.

ಸಸಿ ನೆಡುವುದು ಬೇಡವೆಂದಲ್ಲ. ಆದರೆ ಬೆಟ್ಟ ಹಸಿರಾಗಿ ಆಕಾಶ ಬರಿದಾದರೆ, ನಾವು ಕಾಪಾಡಿದ್ದಾದರೂ ಏನನ್ನು?