ದಂತವೈದ್ಯಕೀಯ ಪ್ರವೇಶ: ಪರೀಕ್ಷೆ ಮಕ್ಕಳದು, ನಿರ್ಧಾರ ಯಾರದು?

ಪಿ.ಯು.ಸಿ. ಎರಡನೆಯ ವರ್ಷದಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳಿರುವ ಮನೆಗೆ ಹೋದವರಿಗೆ ಅಲ್ಲಿಯ ವಾತಾವರಣ ತಿಳಿದೇ ಇರುತ್ತದೆ. ಟಿ.ವಿ.ಯ ಧ್ವನಿ ಅಡಗಿರುತ್ತದೆ. ಮದುವೆ, ಜಾತ್ರೆ, ಸೀಮಂತಗಳಿಗೆ ತಾಯಿಯೊಬ್ಬಳೇ ಹೋಗಿ ಮುಖ ತೋರಿಸಿ ಬರುತ್ತಾಳೆ. ಮನೆಗೆ ಬಂದ ಬೀಗರು ನೀರು ಕುಡಿಯುವ ಮೊದಲೇ ಕೇಳುವ ಪ್ರಶ್ನೆ ಒಂದೇ: “ಮೆಡಿಕಲ್ಲೋ, ಇಂಜಿನಿಯರಿಂಗೋ?” ದಂತವೈದ್ಯಕೀಯವೆಂಬ ಶಬ್ದ ಆ ಪ್ರಶ್ನೆಯಲ್ಲಿ ಎಂದೂ ಬರುವುದಿಲ್ಲ. ಅದು ಬರುವುದು ಫಲಿತಾಂಶ ಪ್ರಕಟವಾಗಿ, ಅಂಕಗಳು ಸಾಲದೆಂದು ತಿಳಿದ ಮೇಲೆ. “ಇರಲಿ ಬಿಡ್ರಿ, ಡೆಂಟಲ್ ಆದರೂ ಆಗಲಿ” ಎನ್ನುತ್ತಾರೆ. ಈ ‘ಆದರೂ’ ಎಂಬ ಪುಟ್ಟ ಶಬ್ದ ನಮ್ಮ ಮನೆಯ ಮಗಳೊಬ್ಬಳ ಒಂದು ವರ್ಷವನ್ನು ನುಂಗಿತು. ಅದರಲ್ಲಿ ನಮ್ಮ ಪಾಲೂ ಇದ್ದುದರಿಂದ, ಆ ಸಂಗತಿಯನ್ನು ಮುಚ್ಚಿಡದೆ ಓದುಗ ಬಾಂಧವರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಪರೀಕ್ಷೆಯ ವಿಷಯ. ನಮ್ಮ ರಾಜ್ಯದಲ್ಲಿ ವೃತ್ತಿಶಿಕ್ಷಣಕ್ಕೆ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿ.ಇ.ಟಿ., 1994ರಲ್ಲಿ ಆರಂಭವಾಯಿತು. ಅನೇಕ ವರ್ಷ ವೈದ್ಯಕೀಯ, ದಂತವೈದ್ಯಕೀಯ, ಇಂಜಿನಿಯರಿಂಗ್ ಮೂರಕ್ಕೂ ಅದೇ ಬಾಗಿಲಾಗಿತ್ತು. ಇಡೀ ದೇಶಕ್ಕೆ ಒಂದೇ ಆದ ನೀಟ್ ಪರೀಕ್ಷೆ 2013ರ ಮೇ ತಿಂಗಳಲ್ಲಿ ಮೊದಲ ಬಾರಿ ನಡೆದು, ಅದೇ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ರದ್ದಾಗಿ, 2016ರಲ್ಲಿ ಮರಳಿ ಬಂದಿತು. ಅಂದಿನಿಂದ ಎಂ.ಬಿ.ಬಿ.ಎಸ್.ಗೂ ಬಿ.ಡಿ.ಎಸ್.ಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಅಂಕಪಟ್ಟಿ. ತೊಡಕು ಹುಟ್ಟಿದ್ದು ಇಲ್ಲಿಯೇ. ನೀನು ಏನಾಗಬಯಸುತ್ತೀ ಎಂದು ಪರೀಕ್ಷೆ ಕೇಳುವುದಿಲ್ಲ. ಮೇಲಿನಿಂದ ಎಣಿಸುತ್ತ ಬರುತ್ತಾರೆ. ವೈದ್ಯಕೀಯದ ಸೀಟು ಮುಗಿದ ಜಾಗದಿಂದ ದಂತವೈದ್ಯಕೀಯ ಆರಂಭವಾಗುತ್ತದೆಂದು ಜನ ತಿಳಿಯುತ್ತಾರೆ.

ಅಮೆರಿಕದಲ್ಲಿ ದಂತ ಕಾಲೇಜುಗಳಿಗೆಂದೇ ಬೇರೆ ಪರೀಕ್ಷೆಯಿದೆ. ಒಂದು ಕಾಲಕ್ಕೆ ಅದರಲ್ಲಿ ಸೀಮೆಸುಣ್ಣದ ತುಂಡನ್ನು ಅಳತೆಗೆ ಸರಿಯಾಗಿ ಕೆತ್ತಿ ತೋರಿಸಬೇಕಾಗಿತ್ತು. ಅದನ್ನು ಕೈಬಿಟ್ಟ ಮೇಲೂ ಕೋನಗಳನ್ನು ಹೋಲಿಸುವ, ಮಡಿಸಿದ ಕಾಗದವನ್ನು ಮನಸ್ಸಿನಲ್ಲಿಯೇ ಬಿಡಿಸಿ ನೋಡುವ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದಾರೆ. ನಮ್ಮ ಪರೀಕ್ಷೆಯಲ್ಲಿ ಕೈಗೆ ಕೆಲಸವಿಲ್ಲ, ಗೋಲ ತುಂಬುವುದನ್ನು ಬಿಟ್ಟರೆ. ಆದ್ದರಿಂದ ಮಗುವಿಗೆ ಈ ವಿದ್ಯೆ ಒಗ್ಗುವುದೋ ಇಲ್ಲವೋ ಎಂಬುದನ್ನು ಮನೆಯವರೇ ಕೇಳಿ ತಿಳಿಯಬೇಕಾಗುತ್ತದೆ. ನಾವು ಕೇಳಲಿಲ್ಲ.

ಕೇಳದೆಯೂ ಅವಳು ಹೇಳಿದ್ದಳು ಎಂಬುದೇ ಖೇದದ ಸಂಗತಿ. ಅವಳು ನಮ್ಮ ತಮ್ಮನ ಹಿರಿಯ ಮಗಳು. ಹೈಸ್ಕೂಲಿನಲ್ಲಿದ್ದಾಗ ನಮ್ಮ ತಾಯಿಯವರಿಗೆ, ಅಂದರೆ ಅವಳ ಆಯಿಗೆ, ಹಲ್ಲಿನ ಸೆಟ್ಟು ಮಾಡಿಸಬೇಕಾಯಿತು. ಒಂದೂ ಹಲ್ಲಿಲ್ಲದೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದ ಹಿರಿಯ ಜೀವ. ತಾಲೂಕಿನ ದವಾಖಾನೆಗೆ ಐದು ಸಲ ಕರೆದೊಯ್ಯಬೇಕಾಗಿತ್ತು. ಐದೂ ಸಲ ಜೊತೆಗೆ ಹೋದವಳು ಈ ಹುಡುಗಿ. ವಸಡಿನ ಅಚ್ಚು ತೆಗೆಯುವುದು, ಮೇಣದ ಕಟ್ಟೆ ಮಾಡಿ ದವಡೆಗಳ ಅಂತರವನ್ನು ಅಳೆಯುವುದು, ಮೇಣದಲ್ಲಿಯೇ ಹಲ್ಲು ಕೂಡಿಸಿ ಬಾಯಿಯಲ್ಲಿಟ್ಟು ಕನ್ನಡಿ ತೋರಿಸುವುದು, ಇವೆಲ್ಲವನ್ನೂ ಕಣ್ಣಿಟ್ಟು ನೋಡಿದ್ದಳು. ಕೊನೆಯ ದಿನ ಆಯಿ ಸೆಟ್ಟು ಹಾಕಿಕೊಂಡು ಅವಳ ಹೆಸರನ್ನು ಸ್ಪಷ್ಟವಾಗಿ ಕರೆದರಂತೆ. “ದೊಡ್ಡಪ್ಪ, ಅವತ್ತ ಗಟ್ಟಿ ಮಾಡೀನಿ, ನಾ ಹಲ್ಲಿನ ಡಾಕ್ಟರನ ಆಗಾಕಿ” ಎಂದು ನಮ್ಮೆದುರು ಹೇಳಿದ್ದಳು. ಮಕ್ಕಳ ಮಾತೆಂದು ನಕ್ಕೆವು.

2024ರ ಮೇ 5ರಂದು ಅವಳು ಮೊದಲ ಸಲ ನೀಟ್ ಬರೆದಳು. ಆ ವರ್ಷದ ಗದ್ದಲ ಓದುಗರ ನೆನಪಿನಲ್ಲಿರಬಹುದು. 1,563 ವಿದ್ಯಾರ್ಥಿಗಳಿಗೆ ಕೃಪಾಂಕ ಕೊಟ್ಟು ಹಿಂದಕ್ಕೆ ಪಡೆದದ್ದು, ಪ್ರಶ್ನೆಪತ್ರಿಕೆ ಸೋರಿಕೆಯ ತನಿಖೆ, ಇಡೀ ಪರೀಕ್ಷೆಯನ್ನು ಮತ್ತೆ ನಡೆಸುವ ಅಗತ್ಯವಿಲ್ಲವೆಂದು ಜುಲೈ 23ರಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು, ಇವುಗಳ ನಡುವೆ ಮಕ್ಕಳು ಎರಡು ತಿಂಗಳು ತೂಗುಯ್ಯಾಲೆಯಲ್ಲಿದ್ದರು. ಸಾಮಾನ್ಯ ವರ್ಗದ ಅರ್ಹತಾ ಗೆರೆ ಆ ಸಲ 720ಕ್ಕೆ 162 ಅಂಕ. ನಮ್ಮ ಹುಡುಗಿಗೆ ನಾಲ್ಕು ನೂರು ದಾಟಿತ್ತು. ವೈದ್ಯಕೀಯಕ್ಕೆ ಸಾಲದು, ದಂತ ಕಾಲೇಜಿನಲ್ಲಿ ಸೀಟು ಸಿಗುವ ಸಂಭವ ಚೆನ್ನಾಗಿತ್ತು. ಆದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆಯ್ಕೆಪಟ್ಟಿ ತುಂಬುವ ದಿನ ತಮ್ಮನು ಒಂದು ದಂತ ಕಾಲೇಜನ್ನೂ ನಮೂದಿಸಗೊಡಲಿಲ್ಲ. “ಇನ್ನೊಂದು ವರ್ಷ ಓದಲಿ, ಎಂ.ಬಿ.ಬಿ.ಎಸ್. ಆಗೇ ಆಗತೈತಿ” ಎಂದನು. ನಮ್ಮ ಅಭಿಪ್ರಾಯ ಕೇಳಿದನು. ನಾವೂ ಹೂಂ ಎಂದೆವು. ಹುಡುಗಿ ನಮ್ಮ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಆ ನೋಟವನ್ನು ಮರೆಯುವುದು ನಮ್ಮಿಂದ ಆಗಿಲ್ಲ.

ಆಮೇಲೆ ಕರಾವಳಿಯ ಒಂದು ವಸತಿ ತರಬೇತಿ ಸಂಸ್ಥೆ. ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ಓದು, ವಾರಕ್ಕೊಂದು ಪರೀಕ್ಷೆ, ಗೋಡೆಯ ಮೇಲೆ ಕ್ರಮಾಂಕದ ಪಟ್ಟಿ, ತಾಯಿಗೆ ವಾರಕ್ಕೊಮ್ಮೆ ಹತ್ತು ನಿಮಿಷ ಫೋನು. ದೀಪಾವಳಿಗೆ ಬಂದ ಹುಡುಗಿ ಹೋಳಿಗೆ ಮುಟ್ಟಲಿಲ್ಲ. ರಾತ್ರಿ ನಿದ್ದೆಯಲ್ಲಿ ಸೂತ್ರಗಳನ್ನು ಬಡಬಡಿಸುವುದನ್ನು ಕೇಳಿ ಅವರವ್ವ ಎದ್ದು ಕುಳಿತಳು. ಬೆಳಗಾದ ಮೇಲೆ ಗಂಡನಿಗೆ ಒಂದೇ ಮಾತು ಹೇಳಿದಳು: “ಕೂಸನ್ನ ಇನ್ನ ಕಳಸೂದಿಲ್ಲ.” ಕಟ್ಟಿದ ಶುಲ್ಕ ಹೋಯಿತು, ಹುಡುಗಿ ಉಳಿದಳು. ಎಲ್ಲ ತರಬೇತಿ ಸಂಸ್ಥೆಗಳೂ ಹೀಗೆಯೇ ಎನ್ನುವಂತಿಲ್ಲ. ಅಲ್ಲಿಯೇ ಓದಿ ಒಳ್ಳೆಯ ಕ್ರಮಾಂಕ ಪಡೆದ ಮಕ್ಕಳೂ ನಮ್ಮ ಪರಿಚಯದಲ್ಲಿದ್ದಾರೆ.

ಮುಂದಿನ ಆರು ತಿಂಗಳು ಅವಳು ಮನೆಯಲ್ಲಿಯೇ ಓದಿದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ. ಒಂದು ಷರತ್ತು ಹಾಕಿದ್ದಳು: ಈ ಸಲ ಬರೆಯುವುದು ದಂತವೈದ್ಯಕೀಯಕ್ಕಾಗಿ. ತಮ್ಮ ಬಾಯಿಬಿಟ್ಟು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. 2025ರ ಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ 45, ರಸಾಯನಶಾಸ್ತ್ರಕ್ಕೆ 45, ಜೀವಶಾಸ್ತ್ರಕ್ಕೆ 90, ಹೀಗೆ 180 ಪ್ರಶ್ನೆಗಳು. ಸಮಯ 180 ನಿಮಿಷ. 720ರಲ್ಲಿ ಅರ್ಧ, ಅಂದರೆ 360 ಅಂಕ, ಜೀವಶಾಸ್ತ್ರದ್ದೇ. ಆದ್ದರಿಂದ ಎನ್.ಸಿ.ಇ.ಆರ್.ಟಿ.ಯ ಎರಡು ಜೀವಶಾಸ್ತ್ರ ಪುಸ್ತಕಗಳನ್ನು, ಚಿತ್ರದ ಕೆಳಗಿನ ಸಾಲನ್ನೂ ಬಿಡದೆ, ಮನೆಯ ಲೆಕ್ಕದ ವಹಿಯಂತೆ ಮತ್ತೆ ಮತ್ತೆ ತಿರುವಿಹಾಕಿದಳು. ನಮ್ಮ ಪಿ.ಯು. ಪಠ್ಯವೂ ಇದೇ ಪುಸ್ತಕಗಳನ್ನು ಆಧರಿಸಿರುವುದರಿಂದ ಕಾಲೇಜಿನ ಪಾಠ ಬೇರೆ, ನೀಟ್ ಬೇರೆ ಎಂದು ಮಕ್ಕಳನ್ನು ಹೆದರಿಸುವುದು ಸಲ್ಲದು.

ಹೆಚ್ಚು ಮಕ್ಕಳು ಸೋಲುವುದು ಭೌತಶಾಸ್ತ್ರದಲ್ಲಿ. ಲೆಕ್ಕ ಬರದೆ ಅಲ್ಲ, ಹೊತ್ತು ಸಾಲದೆ. ಅವಳು ಜೀವಶಾಸ್ತ್ರವನ್ನು 50 ನಿಮಿಷದಲ್ಲಿ ಮುಗಿಸಿ, ಉಳಿದ ಹೊತ್ತನ್ನು ಉಳಿದೆರಡಕ್ಕೆ ಹಂಚುವ ರೂಢಿ ಮಾಡಿಕೊಂಡಳು. ಇನ್ನೊಂದು ಸಂಗತಿಯನ್ನು ಅವಳೇ ಕಂಡುಕೊಂಡಳು. ನಿಜವಾದ ಪರೀಕ್ಷೆ ಮಧ್ಯಾಹ್ನ ಎರಡರಿಂದ ಐದರವರೆಗೆ. ಊಟವಾಗಿ ಕಣ್ಣು ಎಳೆಯುವ ಹೊತ್ತು. ಬೆಳಗಿನ ಜಾವ ಎದ್ದು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದವರಿಗೆ ಆ ಹೊತ್ತಿನ ಅಭ್ಯಾಸವಿರುವುದಿಲ್ಲ. ಆದ್ದರಿಂದ ರವಿವಾರಕ್ಕೊಮ್ಮೆ ಹಿತಮಿತವಾಗಿ ಉಂಡು, ಸರಿಯಾಗಿ ಎರಡಕ್ಕೆ ಪಡಸಾಲೆಯಲ್ಲಿ ಕೂಡುವಳು. ಉತ್ತರ ಹಾಳೆಯ ಗೋಲಗಳನ್ನು ಕಪ್ಪು ಪೆನ್ನಿನಿಂದಲೇ ತುಂಬುವಳು. ಒಮ್ಮೆ ತುಂಬಿದ್ದನ್ನು ಅಳಿಸಲು ಬರುವುದಿಲ್ಲವಷ್ಟೆ. ಗಡಿಯಾರ ಹಿಡಿದು ಕಾವಲು ಕೂಡುವ ಕೆಲಸ ನಮ್ಮದಾಗಿತ್ತು.

ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ, ಸರಿಯುತ್ತರಕ್ಕೆ ನಾಲ್ಕು ಕೊಡುತ್ತಾರೆ. ನಾಲ್ಕು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಉತ್ತರಿಸಿ ಒಂದು ಸರಿಯಾದರೂ ನಾಲ್ಕು ಬಂದು ಮೂರು ಹೋಗಿ ಒಂದಂಕ ಉಳಿಯಿತಲ್ಲ ಎಂದು ನಾವು ಲೆಕ್ಕ ಹಾಕಿ ತೋರಿಸಿದೆವು. ಅವಳು ನಕ್ಕು, ಪ್ರಶ್ನೆ ಮಾಡುವವರು ಹುಡುಗರು ಯಾವ ತಪ್ಪು ಮಾಡುತ್ತಾರೆಂದು ತಿಳಿದೇ ಆ ತಪ್ಪನ್ನೇ ಒಂದು ಉತ್ತರವಾಗಿ ಇಟ್ಟಿರುತ್ತಾರೆ, ಅರೆಬರೆ ತಿಳಿದವನ ಊಹೆ ನೇರವಾಗಿ ಅದರ ಮೇಲೆಯೇ ಬೀಳುತ್ತದೆ ಎಂದಳು. ಎರಡು ಉತ್ತರಗಳನ್ನು ಖಚಿತವಾಗಿ ತೆಗೆದುಹಾಕಲು ಬಂದರೆ ಮಾತ್ರ ಊಹೆ. ಇಲ್ಲದಿದ್ದರೆ ಬಿಟ್ಟು ಮುಂದೆ. ಅವಳ ಲೆಕ್ಕವೇ ಸರಿಯೆಂದು ಒಪ್ಪಿದೆವು.

ಅರ್ಜಿ ತುಂಬುವಾಗ ನಮ್ಮ ಸಮಾಜದ ಪಾಲಕರು ಎಡವುವ ಒಂದು ಸ್ಥಳವಿದೆ. ರಾಜ್ಯದ ಪಟ್ಟಿಯಲ್ಲಿ ವೀರಶೈವ ಲಿಂಗಾಯತರು 3ಬಿ ಪ್ರವರ್ಗದಲ್ಲಿದ್ದಾರೆ. ನೀಟ್ ಅರ್ಜಿಯಲ್ಲಿ ಕೇಳುವುದು ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯನ್ನು. ಅದರಲ್ಲಿ ಕೆಲವು ಒಳಪಂಗಡಗಳು ಮಾತ್ರ ಇವೆ. ತಹಸೀಲ್ದಾರ ಕಚೇರಿಯ ಪ್ರಮಾಣಪತ್ರ ಯಾವ ಪಟ್ಟಿಗೆ ಸಂಬಂಧಿಸಿದ್ದೆಂದು ನೋಡದೆ ಗುರುತು ಹಾಕಿದರೆ ಮುಂದೆ ದಾಖಲೆ ಪರಿಶೀಲನೆಯಲ್ಲಿ ಕಣ್ಣೀರು ತಪ್ಪದು. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿಗಳಿಗೆ ಒಂದರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು. ಮೇ ತಿಂಗಳ ರಜೆಯಲ್ಲಿ ಶಾಲೆಯ ಗುರುಗಳನ್ನು ಹುಡುಕುತ್ತ ಅಲೆಯುವ ಬದಲು ಮೊದಲೇ ತಂದಿಟ್ಟುಕೊಳ್ಳುವುದು ಲೇಸು. 2017ರಿಂದ ಕನ್ನಡದಲ್ಲಿಯೂ ಪ್ರಶ್ನೆಪತ್ರಿಕೆ ದೊರೆಯುತ್ತ ಬಂದಿದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಾಠವೇ ಅಂತಿಮವೆಂಬ ನಿಯಮವಿರುವುದರಿಂದ, ಕನ್ನಡ ಆಯ್ದವರಿಗೂ ಪಾರಿಭಾಷಿಕ ಶಬ್ದಗಳು ಎರಡೂ ಭಾಷೆಗಳಲ್ಲಿ ತಿಳಿದಿರಬೇಕು.

2025ರ ಮೇ 4, ರವಿವಾರ. ಕೇಂದ್ರ ಧಾರವಾಡದಲ್ಲಿ. ಒಂದೂವರೆಗೆ ಬಾಗಿಲು ಮುಚ್ಚುವರೆಂದು ನಾವು ಹನ್ನೊಂದಕ್ಕೇ ಹೋಗಿ ನಿಂತೆವು. ಅರ್ಧತೋಳಿನ ಬಟ್ಟೆ, ಕಾಲಿಗೆ ತೆಳು ಚಪ್ಪಲಿ, ಕೈಯಲ್ಲಿ ಪ್ರವೇಶಪತ್ರ, ಭಾವಚಿತ್ರ, ಗುರುತಿನ ಚೀಟಿ, ಪಾರದರ್ಶಕ ನೀರಿನ ಬಾಟಲಿ. ಪೆನ್ನು ಕೂಡ ಒಳಗೇ ಕೊಡುತ್ತಾರೆ. ಓಲೆ, ಮೂಗುಬಟ್ಟು, ಬಳೆಗಳನ್ನು ಮನೆಯಲ್ಲಿಯೇ ತೆಗೆದಿದ್ದಳು. ಆಯಿಗಿದ್ದ ಚಿಂತೆ ಬೇರೆ: ಕೊರಳ ಲಿಂಗವನ್ನು ತೆಗೆಸಿಬಿಟ್ಟರೆ? ಮೂರು ವಾರದ ಹಿಂದಷ್ಟೇ ಸಿ.ಇ.ಟಿ. ಕೇಂದ್ರಗಳಲ್ಲಿ ವಿದ್ಯಾರ್ಥಿಗಳ ಜನಿವಾರ ತೆಗೆಸಿದ ಸುದ್ದಿ ಎಲ್ಲೆಡೆ ಹರಡಿತ್ತು. ಧಾರ್ಮಿಕ ಚಿಹ್ನೆ ಧರಿಸಿದವರು ತಪಾಸಣೆಗಾಗಿ ಬೇಗ ಬರಬೇಕೆಂದು ಸೂಚನೆಯಲ್ಲಿ ಇತ್ತು. ಬೆಳ್ಳಿಯ ಕರಡಿಗೆಯನ್ನು ಮನೆಯಲ್ಲಿರಿಸಿ, ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಕಟ್ಟಿ ಧರಿಸಿದಳು. ತಪಾಸಣೆಯ ಹೆಣ್ಣುಮಗಳು ಮುಟ್ಟಿ ನೋಡಿ, “ಹೋಗವಾ” ಎಂದಳಂತೆ.

ಬೇವಿನ ಮರದಡಿ ನೂರಾರು ಪಾಲಕರು. ಬುತ್ತಿ ಬಿಚ್ಚಿದವರು, ಜಪಮಣಿ ಎಣಿಸುವವರು, ಸುಮ್ಮನೆ ಗೇಟಿನತ್ತ ನೋಡುತ್ತ ಕುಳಿತವರು. ಗುರುತಿಲ್ಲದ ತಾಯಿಯೊಬ್ಬರು ನಮಗೆ ಮಜ್ಜಿಗೆ ಕೊಟ್ಟು, ತಮ್ಮ ಮಗನಿಗೆ ಇದು ಮೂರನೆಯ ಸಲ ಎಂದರು. ನಮ್ಮ ತಮ್ಮ ಅವರಿಗೆ ಏನೋ ಹೇಳಹೋಗಿ ಸುಮ್ಮನಾದನು.

ಐದರ ಮೇಲೆ ಹೊರಬಂದ ಮಕ್ಕಳಲ್ಲಿ ಅರ್ಧಕ್ಕರ್ಧ ಅಳುತ್ತಿದ್ದರು. ಭೌತಶಾಸ್ತ್ರ ಆ ಸಲ ವಿಪರೀತ ಕಠಿಣವಾಗಿತ್ತು. ನಮ್ಮ ಹುಡುಗಿ ಹದಿನೆಂಟು ಪ್ರಶ್ನೆ ಬಿಟ್ಟಿದ್ದಳು. ಜೂನ್ 14ರಂದು ಫಲಿತಾಂಶ ಬಂದಾಗ ಅಂಕ ಹಿಂದಿನ ವರ್ಷಕ್ಕಿಂತ ಕಡಿಮೆ! ತಮ್ಮ ತಲೆಯ ಮೇಲೆ ಕೈಹೊತ್ತು ಕುಳಿತನು. ಕ್ರಮಾಂಕ ನೋಡಿದರೆ ಬಹಳ ಮೇಲೇರಿತ್ತು. ಸಾಮಾನ್ಯ ವರ್ಗದ ಅರ್ಹತಾ ಗೆರೆಯೇ 144ಕ್ಕೆ ಇಳಿದಿತ್ತು. ಈ ಗೆರೆ ಪರ್ಸೆಂಟೈಲಿನದು, ಶೇಕಡಾವಾರು ಅಂಕದ್ದಲ್ಲ. 50 ಪರ್ಸೆಂಟೈಲೆಂದರೆ ಬರೆದವರಲ್ಲಿ ಅರ್ಧದಷ್ಟು ಜನರಿಗಿಂತ ಮುಂದಿರುವುದು. ಎಲ್ಲರ ಅಂಕ ಇಳಿದರೆ ಗೆರೆಯೂ ಇಳಿಯುತ್ತದೆ. 2020–21ರಲ್ಲಂತೂ ದೇಶದಲ್ಲಿ ಸುಮಾರು 7,000 ಬಿ.ಡಿ.ಎಸ್. ಸೀಟುಗಳು ತುಂಬದೆ ಉಳಿದಾಗ, ಈ ಗೆರೆಯನ್ನು 10 ಪರ್ಸೆಂಟೈಲ್ ಇಳಿಸಿ ಪ್ರವೇಶ ಕೊಡುವಂತೆ ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ ಹೇಳಬೇಕಾಯಿತು. ಅಂಕಪಟ್ಟಿ ನೋಡಿದ ಕ್ಷಣವೇ ಮಕ್ಕಳನ್ನು ಬೈಯುವ ಪಾಲಕರು ಇಷ್ಟನ್ನಾದರೂ ತಿಳಿದಿರಬೇಕು.

ಕ್ರಮಾಂಕ ಮೇಲೇರಿದ್ದರಿಂದ ತಮ್ಮನ ಹಳೆಯ ಆಸೆ ಮತ್ತೆ ತಲೆಯೆತ್ತಿತು. ಸರಕಾರಿ ಕೋಟಾದಲ್ಲಿ ವೈದ್ಯಕೀಯ ಆಗದು. ಖಾಸಗಿ ಕೋಟಾದಲ್ಲಿ ಆಗಬಹುದು. ಅದಕ್ಕೆ ಹಿರಿಯರ ಕಾಲದ ಎರಿಹೊಲದಲ್ಲಿ ಎರಡು ಎಕರೆ ಮಾರಬೇಕು. ಕೊಳ್ಳುವವರನ್ನೂ ಗೊತ್ತುಮಾಡಿ ಬಂದಿದ್ದನು. ರಾತ್ರಿ ಊಟವಾದ ಮೇಲೆ ಹುಡುಗಿ ನೇರವಾಗಿ ಹೇಳಿದಳು: “ಅಪ್ಪಾ, ಹೊಲ ಮಾರಿ ನಂಗ ಬ್ಯಾಡಾದ್ದ ಕೊಡಸಬ್ಯಾಡ. ನಂಗ ಬೇಕಾದ್ದು ಹೊಲ ಮಾರದನ ಸಿಗತೈತಿ.”

ತಮ್ಮ ಎಂದಿನಂತೆ ನಮ್ಮ ಕಡೆ ನೋಡಿದನು. ಹುಡುಗಿಯೂ ನೋಡಿದಳು. ಹಿಂದಿನ ವರ್ಷ ನಾವು ಹೂಂ ಎಂದದ್ದು ತಪ್ಪಾಗಿತ್ತೆಂದು, ಎಲ್ಲರೆದುರಿಗೆ, ಅವಳ ಹೆಸರು ಹಿಡಿದು ಹೇಳಿದೆವು. ಆ ಮಾತು ಗಂಟಲಿನಿಂದ ಹೊರಡಿಸಲು ಹಿರಿತನ ಅಡ್ಡ ಬಂದದ್ದು ನಿಜ. ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಬೆಳಗ್ಗೆ ಆಯ್ಕೆಪಟ್ಟಿ ತುಂಬುವಾಗ ಬಂದು ಅವಳ ಪಕ್ಕದಲ್ಲಿ ಕುಳಿತನು. ಮೊದಲ ಹನ್ನೆರಡು ಆಯ್ಕೆಗಳೂ ದಂತ ಕಾಲೇಜುಗಳೇ ಆಗಿದ್ದವು.

ಈಗ ಅವಳು ಬಿ.ಡಿ.ಎಸ್. ಮೊದಲ ವರ್ಷದಲ್ಲಿದ್ದಾಳೆ. ನಾಲ್ಕು ವರ್ಷ ಓದು, ಒಂದು ವರ್ಷ ಆಸ್ಪತ್ರೆಯ ತರಬೇತಿ. ಅಂಗರಚನೆ, ಶರೀರಕ್ರಿಯೆಗಳ ಜೊತೆಗೆ ಮೇಣದ ಗಟ್ಟಿಯಿಂದ ಹಲ್ಲು ಕೆತ್ತುವ ಪಾಠವೂ ಇದೆ. 2026ರ ಸಂಕ್ರಾಂತಿಗೆ ಬಂದಾಗ ಒಂದನ್ನು ತಂದಿದ್ದಳು. ತಮ್ಮ ಅದನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದು ಕೇಳಿದನು: “ಇದು ಯಾವ ಹಲ್ಲವಾ?”

“ಮ್ಯಾಲಿನ ಮುಂದಿನ ಹಲ್ಲು, ಅಪ್ಪಾ. ಅಂಚು ಸರಿ ಬಂದಿಲ್ಲ. ಮತ್ತ ಕೆತ್ತಬೇಕು.”