ಕೆಂಪು ತ್ರಿಕೋನದ ಹಿಂದೆ

ಡ್ಯಾಶ್‌ಬೋರ್ಡಿನ ನಡುವೆ ಕೆಂಪು ತ್ರಿಕೋನದ ಗುರುತಿರುವ ಗುಂಡಿಯನ್ನು ನಾವು ಅಪರೂಪಕ್ಕೆ ಒತ್ತುತ್ತೇವೆ. ಒತ್ತಿದ ದಿನ ಮಾತ್ರ ಅದು ಕೈಕೊಡಬಾರದು. ಶಿರಾಡಿ ಘಾಟಿಯ ತಿರುವಿನಲ್ಲಿ, ಜಡಿಮಳೆಯ ಹೊತ್ತಿನಲ್ಲಿ ಗಾಡಿ ಕೆಟ್ಟು ನಿಂತಿತೆನ್ನಿ. ಇಲ್ಲೊಂದು ಕಾರು ನಿಂತಿದೆ ಎಂದು ಹಿಂದಿನಿಂದ ಬರುವ ಲಾರಿಗೆ ಸಾರಿ ಹೇಳುವುದು ಆ ಹಜಾರ್ಡ್ ಸ್ವಿಚ್ಚೇ. ನಿಂತ ಗಾಡಿಗಾಗಿ ಇರುವ ಈ ದೀಪವನ್ನು ಮಂಜಿನಲ್ಲಿ ಓಡುತ್ತಿರುವಾಗಲೂ ಹಾಕಿಕೊಂಡು ಹೋಗುವವರಿದ್ದಾರೆ. ಅದು ತಪ್ಪು. ನಾಲ್ಕೂ ದೀಪ ಮಿನುಗುತ್ತಿದ್ದರೆ ನೀವು ಎಡಕ್ಕೆ ಹೊರಳುತ್ತೀರೋ ಬಲಕ್ಕೋ ಹಿಂದಿನವರಿಗೆ ತಿಳಿಯುವುದು ಹೇಗೆ?

ನಮ್ಮ ಮನೆಯ ಹಳೆಯ ಕಾರಿನಲ್ಲಿ ಈ ಸ್ವಿಚ್ಚು ಕೆಟ್ಟದ್ದು ಇಂಡಿಕೇಟರುಗಳಿಂದ ಗೊತ್ತಾಯಿತು. ಒಮ್ಮೆ ಹತ್ತಿದರೆ ಇನ್ನೊಮ್ಮೆ ಹತ್ತುತ್ತಿರಲಿಲ್ಲ. ಹಜಾರ್ಡ್ ಗುಂಡಿಯನ್ನು ನಾಲ್ಕಾರು ಸಲ ಒತ್ತಿಬಿಟ್ಟರೆ ಮತ್ತೆ ಜೀವ ಬರುತ್ತಿತ್ತು. ರೋಗದ ಮೂಲ ಇರುವುದು ಅಲ್ಲೇ. ಹಲವು ಹಳೆಯ ಕಾರುಗಳಲ್ಲಿ ಇಂಡಿಕೇಟರಿನ ಕರೆಂಟು ಹಜಾರ್ಡ್ ಸ್ವಿಚ್ಚಿನ ಮೂಲಕವೇ, ದೀಪ ಮಿನುಗಿಸುವ ಫ್ಲ್ಯಾಶರ್‌ಗೆ ಹೋಗುತ್ತದೆ. ಒಳಗಿನ ಸಂಪರ್ಕ ಸವೆದರೆ ಇಂಡಿಕೇಟರ್, ಹಜಾರ್ಡ್ ಎರಡೂ ಒಟ್ಟಿಗೆ ಮಲಗಬಹುದು. ಒಂದು ಬದಿಯ ಇಂಡಿಕೇಟರ್ ಮಾತ್ರ ಟಕಟಕನೆ ವಿಪರೀತ ವೇಗವಾಗಿ ಬಡಿದುಕೊಂಡರೆ ಕಥೆ ಬೇರೆ: ಆ ಬದಿಯಲ್ಲಿ ಬಲ್ಬು ಸುಟ್ಟಿರುತ್ತದೆ. ಅಂಗಡಿಗೆ ಓಡುವ ಮೊದಲು ಫ್ಯೂಸ್ ನೋಡಿ, ಬಲ್ಬು ನೋಡಿ. ಅವೆರಡೂ ಸರಿಯಿದ್ದರೆ ಆಮೇಲೆ ಸ್ವಿಚ್ಚಿನ ಮೇಲೆ ಅನುಮಾನ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿಭಾಗ ಕೊಳ್ಳುವಾಗ ಹಳೆಯ ಸ್ವಿಚ್ಚನ್ನೇ ಕೈಯಲ್ಲಿ ಹಿಡಿದು ಹೋಗುವುದು ಲೇಸು. ಅದರ ಬೆನ್ನಿನಲ್ಲಿ ಪಾರ್ಟ್ ನಂಬರ್ ಇರುತ್ತದೆ. ಮುಖ ಒಂದೇ ಥರ ಕಂಡರೂ ಪಿನ್ನುಗಳ ಸಂಖ್ಯೆ, ಜೋಡಣೆ ಬೇರೆಯಿರಬಹುದು.

ಹಜಾರ್ಡ್ ದೀಪ ಕೀಲಿ ತೆಗೆದ ಮೇಲೂ ಉರಿಯಬೇಕಾದ್ದರಿಂದ ಆ ತಂತಿಯಲ್ಲಿ ಸದಾ ಕರೆಂಟು ಇರುತ್ತದೆ. ಹಾಗಾಗಿ ಸ್ವಿಚ್ಚು ತೆಗೆಯುವಾಗ ಮೊದಲ ಕೆಲಸ ಬ್ಯಾಟರಿ ಬಿಡಿಸುವುದು, ಅದರಲ್ಲೂ ನೆಗೆಟಿವ್ ಕಡೆಯನ್ನು ಮೊದಲು. ಪಾಸಿಟಿವ್‌ಗೆ ಮೊದಲು ಸ್ಪ್ಯಾನರ್ ಹಾಕಿ, ಅದು ಜಾರಿ ಕಾರಿನ ಮೈಗೆ ತಾಗಿತೋ, ಕಿಡಿ ಹಾರಿ ಶಾರ್ಟ್ ಆಗುತ್ತದೆ. ಮ್ಯೂಸಿಕ್ ಸಿಸ್ಟಂ ಕೋಡ್ ಕೇಳುವಂಥದ್ದಾದರೆ ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. 2019ರ ಜುಲೈನಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯ; ಅದಕ್ಕೂ ಹಿಂದಿನ ಎಷ್ಟೋ ಕಾರುಗಳಲ್ಲೂ ಅದಿದೆ. ಬ್ಯಾಟರಿ ತೆಗೆದ ಮೇಲೂ ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಕೆಲಹೊತ್ತು ವಿದ್ಯುತ್ ಉಳಿದಿರುತ್ತದೆ. ಎಷ್ಟು ಹೊತ್ತು ಕಾಯಬೇಕೆಂದು ಕಾರಿನ ಕೈಪಿಡಿ ನೋಡಿ, ಅಷ್ಟು ಹೊತ್ತು ಕಾಯಲೇಬೇಕು. ಹಳದಿ ಕವಚದ ತಂತಿ, ಹಳದಿ ಕನೆಕ್ಟರ್ ಕಂಡರೆ ಕೈ ಹಿಂದಕ್ಕೆ. ಈ ವಿಷಯದಲ್ಲಿ ಧೈರ್ಯ ತೋರಿಸುವುದು ಬೇಡವೇ ಬೇಡ.

ಮುಂದಿನದು ನಾಜೂಕಿನ ಕೆಲಸ. ಸ್ವಿಚ್ಚಿನ ಸುತ್ತಲಿನ ಪ್ಲಾಸ್ಟಿಕ್ ಪಟ್ಟಿ ಹೆಚ್ಚಾಗಿ ಕ್ಲಿಪ್ಪುಗಳ ಮೇಲೆ ನಿಂತಿರುತ್ತದೆ. ಬಿಸಿಲು ಕಂಡ ಹಳೆಯ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ. ಚಳಿಯ ಮುಂಜಾನೆ ಇನ್ನೂ ಪೆಡಸು. ಆದ್ದರಿಂದ ಕಾರು ಸ್ವಲ್ಪ ಬೆಚ್ಚಗಾದ ಮೇಲೆ ಕೈಹಚ್ಚಿ. ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸ್ಕ್ರೂ ಡ್ರೈವರ್ ಬದಲು ಪ್ಲಾಸ್ಟಿಕ್ ಮೀಟುಗೋಲು ಬಳಸಿ, ಒಂದು ಮೂಲೆಯಿಂದ ಮೆಲ್ಲಗೆ ಸಡಿಲಿಸುತ್ತ ಬನ್ನಿ. ಕ್ಲಿಪ್ಪು ‘ಟಪ್’ ಎಂದು ಬಿಟ್ಟುಕೊಡುತ್ತದೆ. ಎಳೆದರೂ ಬರಲಿಲ್ಲವೆಂದರೆ ಎಲ್ಲೋ ಒಂದು ಸ್ಕ್ರೂ ಅಡಗಿದೆ ಎಂದರ್ಥ. ಬಲ ಹಾಕಬೇಡಿ, ಹುಡುಕಿ. ಕನೆಕ್ಟರಿನ ನಾಲಿಗೆ ಒತ್ತಿ, ಅದರ ಮೈ ಹಿಡಿದು ಎಳೆಯಿರಿ, ತಂತಿ ಹಿಡಿದಲ್ಲ.

ತೆಗೆದ ಸ್ವಿಚ್ಚನ್ನು ನಾನು ಬಿಚ್ಚಿ ನೋಡಿದೆ. ಉಗುರಿನಗಲದ ತಾಮ್ರದ ಪಟ್ಟಿ, ಸಣ್ಣ ಸ್ಪ್ರಿಂಗು. ಪಟ್ಟಿಯ ತುದಿಯಲ್ಲಿ, ಎರಡು ಲೋಹ ಮುಟ್ಟುವ ಜಾಗದಲ್ಲಿ, ಎಳ್ಳುಕಾಳಿನಷ್ಟು ಸುಟ್ಟ ಕಪ್ಪು ಕಲೆ. ಸಾಮಾನ್ಯವಾಗಿ ಇಂಡಿಕೇಟರ್ ಬಲ್ಬು ಒಂದಕ್ಕೆ 21 ವ್ಯಾಟ್. ನಾಲ್ಕೂ ಉರಿದಾಗ 84 ವ್ಯಾಟ್. 12 ವೋಲ್ಟ್ ಲೆಕ್ಕದಲ್ಲಿ 7 ಆಂಪಿಯರ್. ಅಷ್ಟು ಕರೆಂಟು ಆ ಚುಕ್ಕಿಯ ಮೂಲಕ ನಿಮಿಷಕ್ಕೆ ಹತ್ತಾರು ಸಲ ಹರಿದು ನಿಲ್ಲುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಕಲೆ ಹೋಗಿ ಕೆಲವೊಮ್ಮೆ ಸ್ವಿಚ್ಚು ಚೇತರಿಸಿಕೊಳ್ಳುವುದೂ ಉಂಟು. ಆದರೆ ಆಪತ್ತಿಗೆಂದೇ ಇರುವ ಸ್ವಿಚ್ಚಿನಲ್ಲಿ ಆ ಉಳಿತಾಯ ನನಗೆ ಒಪ್ಪಲಿಲ್ಲ. ಹೊಸದನ್ನೇ ತಂದೆ. ಮಲ್ಟಿಮೀಟರಿನ ಕಡ್ಡಿಗಳನ್ನು ಪಿನ್ನುಗಳಿಗೆ ಹಿಡಿದು ಗುಂಡಿ ಒತ್ತಿದಾಗ ಹೊಸದು ತಡೆಯಿಲ್ಲದೆ ‘ಬೀಪ್’ ಎಂದಿತು; ಹಳೆಯದು ಒತ್ತಿದಂತೆಲ್ಲ ತೊದಲಿತ್ತು.

ಹೊಸ ಕಾರುಗಳಲ್ಲಿ ಸ್ವಿಚ್ಚು ಬರೀ ಸಂಕೇತ ಕಳಿಸುತ್ತದೆ, ದೀಪ ಉರಿಸುವುದು ಕಂಪ್ಯೂಟರ್. ಅಲ್ಲಿ ಸ್ವಿಚ್ಚು ಬದಲಾಯಿಸಿದರೂ ದೋಷ ಹೋಗದಿದ್ದರೆ ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಒಯ್ಯಿರಿ.

ಪ್ಲಾಸ್ಟಿಕ್ ಪಟ್ಟಿ ಕೂರಿಸುವ ಮುನ್ನವೇ ಕನೆಕ್ಟರ್ ಸಿಕ್ಕಿಸಿ, ಬ್ಯಾಟರಿ ಜೋಡಿಸಿ ಪರೀಕ್ಷಿಸಿ. ಜೋಡಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಕೀಲಿ ಹಾಕದೆ ಹಜಾರ್ಡ್, ಕೀಲಿ ತಿರುಗಿಸಿ ಎಡ-ಬಲ ಇಂಡಿಕೇಟರ್. ಮನೆಯವರಲ್ಲೊಬ್ಬರು ಹೊರಗೆ ನಿಂತು ಮುಂದೆ, ಹಿಂದೆ, ಪಕ್ಕದ ದೀಪಗಳನ್ನೆಲ್ಲ ನೋಡಿ ಹೇಳಲಿ. ಎಲ್ಲ ಸರಿಯಿದ್ದರೆ ಬ್ಯಾಟರಿಯನ್ನು ಮತ್ತೆ ಬಿಡಿಸಿ ಪಟ್ಟಿ ಒತ್ತಿ ಕೂರಿಸಿ, ಬ್ಯಾಟರಿ ಮರಳಿ ಜೋಡಿಸಿ, ಕೊನೆಗೆ ಗಡಿಯಾರದ ಸಮಯ ಸರಿಪಡಿಸಿ.